ಕೈಗುಣ ಮತ್ತು ಫಸಲು

ಫೆಬ್ರವರಿ ಕಳೆಯುವ ಹೊತ್ತಿಗೆ ಮಲೆನಾಡಿನ ಮಲ್ಲಂದೂರು ಕಡೆಯ ತೋಟಗಳಲ್ಲಿ ಮೆಣಸಿನ ಬಳ್ಳಿ ಕತ್ತರಿಸುವ ಕೆಲಸ ಶುರುವಾಗುತ್ತದೆ. ಚೆನ್ನಾಗಿ ಫಲ ಕೊಟ್ಟ ಬಳ್ಳಿಯ ಬುಡದಿಂದ ಹೊರಟ ಹಂಬುಗಳು ಮಣ್ಣಿಗೆ ತಾಗಿ ಬೇರು ಬಿಡದಂತೆ ಮೊದಲೇ ಗೂಟಕ್ಕೆ ಸುತ್ತಿಟ್ಟಿರುತ್ತಾರೆ. ಈಗ ಅವನ್ನು ಬಿಚ್ಚಿ, ತುದಿಯ ಎಳಸನ್ನೂ ಬುಡದ ತೀರಾ ಬಲಿತದ್ದನ್ನೂ ಬಿಟ್ಟು, ನಡುಭಾಗವನ್ನು ಎರಡು ಮೂರು ಗೆಣ್ಣಿನ ತುಂಡುಗಳಾಗಿ ಮಾಡುತ್ತಾರೆ. ಎಲೆ ತೆಗೆದು ತೊಟ್ಟು ಉಳಿಸುತ್ತಾರೆ. ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ತುಂಬಿದ ಚೀಲಕ್ಕೆ ಒಂದು ಗೆಣ್ಣಾದರೂ ಒಳಗೆ ಹೋಗುವಂತೆ ಊರಿ, ನೆರಳಲ್ಲಿ ಇಟ್ಟು, ಮುಂಗಾರು ಹಿಡಿಯುವವರೆಗೆ ಕಾಯುತ್ತಾರೆ.

ಒಂದು ಚೀಲವನ್ನು ಹರಿದು ನೋಡಿದರೆ ಬೇರು ಬಂದದ್ದು ಕಾಣುತ್ತದೆ. ಕತ್ತರಿಸಿದ ತುದಿ ಕಪ್ಪಾಗಿ ಒಣಗಿರುತ್ತದೆ. ಅದಕ್ಕಿಂತ ಸ್ವಲ್ಪ ಮೇಲೆ, ಗೆಣ್ಣಿನ ಸುತ್ತ, ಅಕ್ಕಿಯ ಬಣ್ಣದ ಎಳೆಗಳು ಹೊರಟಿರುತ್ತವೆ. ಮರದ ಮೇಲಿದ್ದಿದ್ದರೆ ಅದೇ ಗೆಣ್ಣು ತೊಗಟೆಗೆ ಅಂಟಿಕೊಳ್ಳುವ ಬೇರು ಬಿಡುತ್ತಿತ್ತು. ಕತ್ತಲೂ ತೇವವೂ ಸಿಕ್ಕಿದ್ದಕ್ಕೆ ಮಣ್ಣಿನ ಬೇರು ಬಿಟ್ಟಿದೆ. ಮೇಲೆ ಒಂದು ಚಿಗುರು ಇನ್ನೂ ಬಿಚ್ಚದೆ ಮಡಚಿಕೊಂಡಿರುತ್ತದೆ.

ಇದನ್ನು ನೋಡುವಾಗ ಆಗುವ ಸಂತೋಷ ದೊಡ್ಡದು. ಕೈಗುಣ ಚೆನ್ನಾಗಿದೆ ಎಂದು ತೋಟದ ಮಂದಿ ಒಬ್ಬೊಬ್ಬರನ್ನು ಹೊಗಳುತ್ತಾರೆ. ಆ ಹೊಗಳಿಕೆಗೆ ಅವರು ಅರ್ಹರು. ಎಷ್ಟು ನೀರು ಸಾಕು, ಯಾವ ನೆರಳು ಹೆಚ್ಚಾಯಿತು, ಯಾವ ಎಲೆ ಬಾಡಿದ್ದು ಬಿಸಿಲಿಗೆ, ಯಾವುದು ರೋಗಕ್ಕೆ ಎಂಬುದು ಅವರ ಬೆರಳಿಗೆ ಗೊತ್ತಿರುತ್ತದೆ. ಆದರೆ ಆ ಸಂತೋಷವನ್ನೇ ನಾವು ಪುಣ್ಯ ಎಂದು ಭಾವಿಸಿಬಿಡುತ್ತೇವೆ. ಗಿಡ ಸಾಕುವವರು ಒಳ್ಳೆಯವರು ಎನ್ನುವುದು ನಮ್ಮ ಕಡೆ ಯಾರೂ ಪ್ರಶ್ನಿಸದ ನಂಬಿಕೆ. ನನಗೆ ಅದರಲ್ಲಿ ಅನುಮಾನವಿದೆ. ಆರೈಕೆಯ ಸುಖಕ್ಕೆ, ಆರೈಕೆ ಪಡೆಯುತ್ತಿರುವ ಗಿಡ ಯಾವುದು, ಅದರ ಫಲ ಯಾರ ಬಾಯಿಗೆ ಹೋಗುತ್ತದೆ ಎಂಬುದು ಮುಖ್ಯವೇ ಅಲ್ಲ.

ಗಾಂಜಾ ಗಿಡವೂ ತುಂಡಿನಿಂದ ಬೇರು ಬಿಡುತ್ತದೆ. ಅದನ್ನು ಗುಟ್ಟಾಗಿ ಬೆಳೆಸುವವನೂ ಬೆಳಿಗ್ಗೆ ಎದ್ದು ಮೊದಲು ಅದರ ಬಳಿಗೇ ಹೋಗುತ್ತಾನೆ, ಹೊಸ ಚಿಗುರು ಕಂಡರೆ ಅಷ್ಟೇ ಹಿಗ್ಗುತ್ತಾನೆ. ಮಲೆನಾಡಿನಲ್ಲಿ ಶುಂಠಿಯ ನಡುವೆ, ಜೋಳದ ನಡುವೆ, ಕಾಫಿಯ ನಡುವೆ ಆ ಗಿಡ ಸಿಕ್ಕ ಸುದ್ದಿ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ. 1985ರ ಮಾದಕವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಒಂದೆರಡು ಗಿಡ ಎಂಬ ರಿಯಾಯಿತಿ ಇಲ್ಲ. ಪರವಾನಗಿ ಇಲ್ಲದೆ ಬೆಳೆದರೆ ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ಹೂ ಅಥವಾ ಕಾಯಿ ಬಿಟ್ಟ ತುದಿಗಳನ್ನು ಮಾತ್ರ ಕಾಯ್ದೆ ಗಾಂಜಾ ಎಂದು ಕರೆಯುತ್ತದೆ, ಬರೀ ಎಲೆಯನ್ನು ಹಾಗೆ ಕರೆಯುವುದಿಲ್ಲ. ಗಿಡ ನೆಟ್ಟವನಿಗೆ ಆ ವ್ಯತ್ಯಾಸದಿಂದ ಯಾವ ರಕ್ಷಣೆಯೂ ಇಲ್ಲ.

ಅದೇ ಕಾಯ್ದೆಯ 46ನೇ ಕಲಮನ್ನು ತೋಟದ ಒಡೆಯರಲ್ಲಿ ಓದಿದವರು ಕಡಿಮೆ. ತನ್ನ ಜಮೀನಿನಲ್ಲಿ ಇಂಥ ಗಿಡ ಇರುವುದು ಗೊತ್ತಿದ್ದೂ ತಿಳಿಸದ ಭೂಮಾಲೀಕನೇ ಶಿಕ್ಷೆಗೆ ಗುರಿ ಎನ್ನುತ್ತದೆ ಅದು. ಇಲ್ಲಿ ಒಂದು ಮಾತು ಹೇಳಲೇಬೇಕು. ತೋಟದಲ್ಲಿ ಏನೇ ಸಿಕ್ಕರೂ ಅನುಮಾನ ಮೊದಲು ಹೊರಡುವುದು ಕೂಲಿಯವರ ಲೈನು ಮನೆಗಳ ಕಡೆಗೆ. ದೂರದ ಅಸ್ಸಾಮಿನಿಂದಲೋ ಪಕ್ಕದ ಜಿಲ್ಲೆಯಿಂದಲೋ ಬಂದು ಬುಟ್ಟಿ ಹೊತ್ತವರ ಕಡೆಗೆ. ಕಾನೂನು ಮಾತ್ರ ಪಹಣಿಯಲ್ಲಿ ಹೆಸರಿರುವವನನ್ನೂ ಕೇಳುತ್ತದೆ. ನಿನ್ನ ನೆಲದಲ್ಲಿ ಏನು ಬೆಳೆಯುತ್ತಿದೆ ಎಂಬುದು ನಿನಗೆ ಗೊತ್ತಿರಬೇಕು ಎಂಬ ಈ ನಿರೀಕ್ಷೆ ನ್ಯಾಯವಾದದ್ದು.

ಹಾಗೆಂದು ಗಿಡವನ್ನೇ ಪಾಪಿ ಮಾಡುವುದು ನನ್ನಿಂದಾಗದು. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಅದನ್ನು ಪ್ರಸಾದವೆಂದು ಸ್ವೀಕರಿಸುವ ಭಕ್ತರಿದ್ದಾರೆ. 1893ರಲ್ಲಿ ಬ್ರಿಟಿಷ್ ಸರ್ಕಾರ ಈ ಗಿಡದ ಬಗ್ಗೆಯೇ ಒಂದು ಆಯೋಗ ನೇಮಿಸಿತು. ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ವಿಚಾರಿಸಿದ ಆಯೋಗ, ಮಿತ ಬಳಕೆಯಿಂದ ದೊಡ್ಡ ಹಾನಿ ಕಾಣಲಿಲ್ಲ, ಅತಿ ಬಳಕೆ ಹಾಳು ಮಾಡುತ್ತದೆ, ಪೂರ್ತಿ ನಿಷೇಧ ಬೇಡ ಎಂದು ವರದಿ ಕೊಟ್ಟಿತು. ನಾರಿಗಾಗಿ ಇದನ್ನು ಸೆಣಬಿನಂತೆ ಬೆಳೆಯಲು ಉತ್ತರಾಖಂಡದಲ್ಲಿ ಇಂದು ಪರವಾನಗಿ ಕೊಡುತ್ತಾರೆ. ಒಂದೇ ಗಿಡ ಒಂದು ಕಡೆ ಪ್ರಸಾದ, ಒಂದು ಕಡೆ ಅಪರಾಧ, ಒಂದು ಕಡೆ ನಾರು. ಆದರೂ ಕಾಲೇಜಿಗೆ ಹೋಗುವ ಹುಡುಗನೊಬ್ಬ ಮಾತು ಬಿಟ್ಟು, ಊಟ ಬಿಟ್ಟು ಕೋಣೆ ಸೇರಿದ ಮನೆಯವರಿಗೆ ಈ ಆಯೋಗದ ವರದಿಯಿಂದ ಸಮಾಧಾನ ಹೇಳಲಾಗುವುದಿಲ್ಲ. ಬೆಳೆದವನಿಗೆ ಆ ಮನೆ ಗೊತ್ತಿಲ್ಲ. ಅವನಿಗೆ ಗೊತ್ತಿರುವುದು ಗಿಡದ ಆರೋಗ್ಯ ಮಾತ್ರ, ಮತ್ತು ಅವನ ನೆಮ್ಮದಿ ನಿಂತಿರುವುದು ಆ ಗೊತ್ತಿಲ್ಲದಿರುವಿಕೆಯ ಮೇಲೆ.

ಇಷ್ಟನ್ನು ಒಪ್ಪಿಕೊಂಡರೆ ಪ್ರಶ್ನೆ ನಮ್ಮ ಅಂಗಳಕ್ಕೂ ಬರುತ್ತದೆ. ಮಲೆನಾಡಿನ ಗದ್ದೆಗಳು ಎಷ್ಟೋ ಕಡೆ ಅಡಿಕೆ ತೋಟವಾಗಿವೆ. ಕಳಸ, ಕೊಪ್ಪ, ಶೃಂಗೇರಿಯ ಕಡೆ ಎಲೆಚುಕ್ಕಿ, ಹಳದಿ ಎಲೆ ರೋಗ ಬಂದರೂ ಜನ ಮರಗಳನ್ನು ಮಕ್ಕಳಂತೆ ನೋಡಿಕೊಂಡು ಉಳಿಸಿಕೊಳ್ಳುತ್ತಿದ್ದಾರೆ. ಆ ಶ್ರಮ ನೋಡಿದವರ ಕಣ್ಣು ತುಂಬಿ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ವರ್ಗಕ್ಕೆ ಸೇರಿಸಿದೆ. ಕರ್ನಾಟಕ ಸರ್ಕಾರ 2013ರಲ್ಲಿ ಗುಟ್ಕಾ ನಿಷೇಧಿಸಿತು. ನಮ್ಮ ತೋಟದ ಅಡಿಕೆ ಬೇರೆ, ತಾಂಬೂಲ ಬೇರೆ, ಗುಟ್ಕಾ ಬೇರೆ ಎಂದು ನಾವು ವಾದಿಸುತ್ತೇವೆ. ವಾದದಲ್ಲಿ ಹುರುಳಿದೆ: ತಂಬಾಕು ಬೆರೆತಾಗ ಹಾನಿ ಇನ್ನೂ ಹೆಚ್ಚು, ಮತ್ತು ಮದುವೆ ಮನೆಯ ಎಲೆಯಡಿಕೆಗೂ ದಿನಕ್ಕೆ ಹತ್ತಾರು ಪೊಟ್ಟಣ ಹರಿಯುವುದಕ್ಕೂ ವ್ಯತ್ಯಾಸವಿದೆ. ಆದರೆ ಮಂಡಿಗೆ ಹೋದ ಚೀಲ ಅಲ್ಲಿಂದ ಮುಂದೆ ಎತ್ತ ಹೋಗುತ್ತದೆಂದು ನಾವು ಕೇಳುವುದಿಲ್ಲ. ಗಾಂಜಾ ಬೆಳೆದವನು ನೋಡದೇ ಬಿಟ್ಟ ಮನೆಯನ್ನು ನಾವೂ ನೋಡದೇ ಬಿಟ್ಟಿದ್ದೇವೆ. ಅವನದು ಅಪರಾಧ, ನಮ್ಮದು ಕಸುಬು. ಕಾನೂನು ಎಳೆದ ಗೆರೆ ಅಲ್ಲಿದೆ, ಅದನ್ನು ನಾನು ಅಳಿಸುವುದಿಲ್ಲ. ಗೆರೆಯ ಈಚೆಗಿದ್ದೇವೆ ಎಂಬುದಷ್ಟರಿಂದ ಕೇಳಬೇಕಾದ ಪ್ರಶ್ನೆ ತೀರಿತೆಂದು ಮಾತ್ರ ಒಪ್ಪಲಾರೆ.

ಅಡಿಕೆ ಮರವನ್ನು ಕಡಿಯಿರಿ ಎಂದು ಸಣ್ಣ ಹಿಡುವಳಿದಾರನಿಗೆ ಹೇಳುವ ಹಕ್ಕು ನನಗಿಲ್ಲ. ಮಗಳ ಓದು, ಸೊಸೈಟಿಯ ಸಾಲ, ಅಪ್ಪನ ಔಷಧ ಎಲ್ಲವೂ ಆ ಮರದ ಮೇಲಿವೆ. ಕೇಳಬಹುದಾದದ್ದು ಇನ್ನೂ ಚಿಕ್ಕದು, ಹಾಗಾಗಿ ಮಾಡಬಹುದಾದದ್ದು.

ಮೆಣಸಿನ ಬಳ್ಳಿ ಇಲ್ಲಿ ಒಂದು ದಾರಿ ತೋರಿಸುತ್ತದೆ. ಬಳ್ಳಿಯ ತುಂಡು ತಾಯಿಯ ಗುಣವನ್ನೆಲ್ಲ ಹಾಗೆಯೇ ಹೊತ್ತು ತರುತ್ತದೆ. 1971ರಲ್ಲಿ ಬಿಡುಗಡೆಯಾದ ಪಣಿಯೂರು-1 ತಳಿ ಇಷ್ಟು ದೂರ ಹಬ್ಬಿದ್ದೇ ಹೀಗೆ, ತುಂಡಿನಿಂದ ತುಂಡಿಗೆ. ಎಲೆ ಮುರುಟಿಸಿ ಬಳ್ಳಿಯನ್ನು ಕುಬ್ಜ ಮಾಡುವ ನಂಜೂ ಅದೇ ದಾರಿಯಲ್ಲಿ ಬರುತ್ತದೆ. ಸೊರಗು ರೋಗದ ರೋಗಾಣು ಚೀಲದ ಮಣ್ಣಿನಲ್ಲಿ ಸೇರಿ ಇನ್ನೊಬ್ಬನ ತೋಟಕ್ಕೆ ಹೋಗುತ್ತದೆ. ಅಲ್ಲಿ ಒಂದು ಮಳೆಗಾಲದಲ್ಲಿ ಹತ್ತು ವರ್ಷದ ಬಳ್ಳಿಗಳು ಎಲೆ ಉದುರಿಸಿ ಸಾಯುತ್ತವೆ. ಕೇಳಿದವರಿಗೆ ಬಳ್ಳಿ ಇಲ್ಲ ಎನ್ನಬಾರದು ಎಂಬುದು ಇಲ್ಲಿನ ರೂಢಿ. ಅಂಥ ಉದಾರಿ, ತನ್ನ ತೋಟದಲ್ಲಿ ಕಳೆದ ವರ್ಷ ಸೊರಗು ಬಂದಿತ್ತು ಎಂಬುದನ್ನು ಹೇಳದೆ ತುಂಡು ಕೊಟ್ಟರೆ, ಕೊಟ್ಟದ್ದಕ್ಕೆ ಬೆಲೆಯೇನು? ಹಾಗೆ ಹೇಳಿ ಕೊಡುವವರೂ ಇದ್ದಾರೆ. ಈ ಸಾಲಿನಿಂದ ಬೇಡ, ಆ ಹಾಲವಾಣದ ಮೇಲಿನದು ತಗೋ, ಒಂದು ಮಳೆಗಾಲ ನೋಡಿ ಆಮೇಲೆ ಹೆಚ್ಚು ಮಾಡು ಎನ್ನುತ್ತಾರೆ. ತಮ್ಮ ಬೇಲಿಯಾಚೆಗೆ ಹೋದ ಬಳ್ಳಿಯನ್ನೂ ಅವರು ತಮ್ಮದೆಂದೇ ಲೆಕ್ಕ ಹಾಕುತ್ತಾರೆ.

ಅದೇ ಲೆಕ್ಕವನ್ನು ಅಡಿಕೆ ಮಾರುವಾಗಲೂ ಹಾಕಲು ಏನು ಅಡ್ಡಿ? ವರ್ಷಕ್ಕೊಮ್ಮೆ ಸೇರುವ ಬೆಳೆಗಾರರ ಸಭೆಯಲ್ಲಿ ಧಾರಣೆ, ಆಮದು, ರೋಗ ಎಲ್ಲದರ ಚರ್ಚೆ ನಡೆಯುತ್ತದೆ. ಜಿಲ್ಲಾ ಆಸ್ಪತ್ರೆಯ ವೈದ್ಯರೊಬ್ಬರನ್ನು ಕರೆಸಿ, ಅಡಿಕೆ, ಗುಟ್ಕಾ ಅಗಿದು ಬಾಯಿ ಅರ್ಧ ಬೆರಳಿನಷ್ಟೂ ತೆರೆಯಲಾಗದೆ ಬರುವ ರೋಗಿಗಳ ಬಗ್ಗೆ ಒಂದು ಗಂಟೆ ಕೇಳಿಸಿಕೊಳ್ಳಬಹುದು. ಅಡಿಕೆ ಮರಗಳ ನಡುವೆ ಮೆಣಸನ್ನೂ ಕಾಫಿಯನ್ನೂ ಹೆಚ್ಚಿಸಿ, ಹತ್ತು ವರ್ಷದಲ್ಲಿ ಮನೆಯ ಆದಾಯದಲ್ಲಿ ಅಡಿಕೆಯ ಪಾಲು ಎಷ್ಟು ಇಳಿಸಬಹುದು ಎಂದು ಕಾಗದದ ಮೇಲಾದರೂ ಬರೆದು ನೋಡಬಹುದು. ಈ ಮಾರ್ಚ್‌ನಲ್ಲಿ ಊರುವ ಚೀಲಗಳಲ್ಲಿ ಕೆಲವು ಆ ಲೆಕ್ಕಕ್ಕೆ ಹೋಗಲಿ.