ಬಲಕ್ಕಿಂತ ಮೊದಲು ಎಚ್ಚರ

ಕಾಳಗದ ರೋಬೋಟಿಗೆ ನೋವಾಗುವುದಿಲ್ಲ. ಹಾಗಾದರೆ ಅದರಲ್ಲಿ ಹಿಂಸೆ ಎಲ್ಲಿದೆ? ಜೈನ ಆಚಾರ್ಯ ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹಿಂಸೆಯ ಬೇರನ್ನು ಪ್ರಮಾದದಲ್ಲಿ, ಎಚ್ಚರಗೇಡಿತನದಲ್ಲಿ ಕಾಣುತ್ತದೆ. 454 ಗ್ರಾಂ ವರ್ಗದ ಮೊದಲ ರೋಬೋಟ್ ಕಟ್ಟುವ ನನ್ನ ವಿದ್ಯಾರ್ಥಿಗಳಿಗೆ ನಾನು ಈ ಮಾತನ್ನೇ ಹೇಳುತ್ತೇನೆ.

ಮೋಟರಿಗಿಂತ ಮೊದಲು ರಿಸೀವರ್ ಆರಿಸಿ. ಸಿಗ್ನಲ್ ತಪ್ಪಿದೊಡನೆ ಚಕ್ರವೂ ಆಯುಧವೂ ನಿಲ್ಲಬೇಕು. ಆ ಫೇಲ್‌ಸೇಫ್ ಇಲ್ಲದ ರಿಸೀವರ್ ಬೇಡವೇ ಬೇಡ. ಮೂರು ಸೆಲ್ಲಿನ ಲಿಥಿಯಂ ಪಾಲಿಮರ್ ಬ್ಯಾಟರಿ ಪೂರ್ತಿ ಚಾರ್ಜಾದಾಗ 12.6 ವೋಲ್ಟ್ ಇರುತ್ತದೆ. ಮೋಟರಿನ ವೇಗ ನಿಯಂತ್ರಿಸುವ ಇಎಸ್‌ಸಿ ಅದನ್ನೂ, ಮೋಟರ್ ಸಿಕ್ಕಿಕೊಂಡಾಗ ಏರುವ ಕರೆಂಟನ್ನೂ ತಾಳಬೇಕು. ಬ್ಯಾಟರಿ ಸಂಪರ್ಕ ಕಡಿಯುವ ಸ್ವಿಚ್ಚು ಬ್ಲೇಡಿನಿಂದ ದೂರವಿರಲಿ.

ಎದುರಾಳಿಯ ಯಂತ್ರ ಮುರಿದರೆ ಅದು ಆಟ. ಪಕ್ಕದಲ್ಲಿ ನಿಂತವರ ಬೆರಳು ಹೋದರೆ ಅದು ಹಿಂಸೆ, ಅದರ ಹೊಣೆ ಕಟ್ಟಿದವರದು. ನಿಲ್ಲಿಸುವ ದಾರಿ ಸಿದ್ಧವಾಗುವವರೆಗೆ ಬ್ಯಾಟರಿ ಜೋಡಿಸಬೇಡಿ.