ಮಾತಿನ ನಡುವಿನ ಮೌನ ಯಾರ ಪಾಲು?

ಯಾರೂ ನಿರ್ಮಿಸದ, ಯಾರಿಗೂ ಸ್ವಂತವಲ್ಲದ ವಸ್ತುವೊಂದನ್ನು ಅನೇಕರು ಬಳಸಬೇಕಾದಾಗ ನ್ಯಾಯವಾದ ಹಂಚಿಕೆ ಯಾವುದು? ಗೋಮಾಳ, ಹಳ್ಳದ ನೀರುಗಳ ವಿಷಯದಲ್ಲಿ ನಮ್ಮ ಹಿರಿಯರು ಈ ಪ್ರಶ್ನೆಯನ್ನು ಎದುರಿಸಿದ್ದರು. ಕಣ್ಣಿಗೆ ಕಾಣದ ರೇಡಿಯೋ ತರಂಗಗಳ ವಿಷಯದಲ್ಲಿ ಹವ್ಯಾಸಿ ರೇಡಿಯೋ ಬಳಗದವರು, ಅಂದರೆ ‘ಹ್ಯಾಮ್’ಗಳು, ಅದನ್ನೇ ದಿನವೂ ಎದುರಿಸುತ್ತಾರೆ.

ಇವರು ಪರೀಕ್ಷೆ ಬರೆದು, ಕೇಂದ್ರ ಸರ್ಕಾರದ ಪರವಾನಗಿ ಪಡೆದು, ಲಾಭದ ಆಸೆಯಿಲ್ಲದೆ ಮಾತನಾಡುವವರು. ಪರವಾನಗಿಯೊಡನೆ ಕರೆ-ಸಂಕೇತ ದೊರೆಯುತ್ತದೆಯೇ ಹೊರತು ಸ್ವಂತ ತರಂಗಾಂತರವಲ್ಲ. 7.0ರಿಂದ 7.2 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನೇ ನೋಡಿ. ಅದರ ಅಗಲ 200 ಕಿಲೋಹರ್ಟ್ಸ್; ಒಂದು ಧ್ವನಿಗೆ ಸುಮಾರು 3 ಕಿಲೋಹರ್ಟ್ಸ್ ಬೇಕು. ಒಂದರ ಮೇಲೊಂದು ಬೀಳದೆ ನಡೆಯಬಲ್ಲ ಸಂಭಾಷಣೆಗಳು ಎಪ್ಪತ್ತಕ್ಕೂ ಕಡಿಮೆ. ರಾತ್ರಿಯಲ್ಲಿ ಈ ಅಲೆಗಳು ಸಾವಿರಾರು ಕಿಲೋಮೀಟರ್ ಸಾಗುವುದರಿಂದ, ಆ ಇಕ್ಕಟ್ಟಿನಲ್ಲಿ ಸೇಡಂನವನಿಗೂ ಸಿಂಗಪುರದವನಿಗೂ ಪಾಲಿದೆ.

ಆದುದರಿಂದ ಅವರಲ್ಲೊಂದು ಶಿಷ್ಟಾಚಾರವಿದೆ: ಮೊದಲು ಆಲಿಸಬೇಕು, ಇಲ್ಲಿ ಯಾರಾದರೂ ಇದ್ದೀರಾ ಎಂದು ಕೇಳಬೇಕು, ಅನಂತರವೇ ಮಾತನಾಡಬೇಕು. ಮೊದಲು ಬಂದವನ ಮಾತನ್ನು ಕೆಡಿಸಬಾರದು. ಆದರೆ ಇಷ್ಟರಿಂದಲೇ ನ್ಯಾಯ ಪೂರ್ಣವಾಯಿತೆ? ಬಿಡುವುಳ್ಳವನೇ ಪ್ರತಿದಿನ ಮೊದಲು ಬಂದರೆ, ಶಹಾಬಾದಿನ ಕಲ್ಲುಗಣಿಯಿಂದಲೋ ವಾಡಿಯ ಸಿಮೆಂಟ್ ಕಾರ್ಖಾನೆಯಿಂದಲೋ ದಣಿದು ಬರುವವನಿಗೆ ಉಳಿಯುವುದೇನು?

ಹಾಗಾದರೆ ಸಮಯವನ್ನು ಸಮನಾಗಿ ಹಂಚೋಣ ಎನ್ನುವಿರಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಲ್ಲಿ ಒಬ್ಬೊಬ್ಬ ಹ್ಯಾಮ್ ಇದ್ದು, ಐವರೂ ಒಂದೇ ತರಂಗಾಂತರವನ್ನು ಬಳಸುತ್ತಾರೆಂದು ಊಹಿಸಿ. ತಲೆಗೆ ಹತ್ತು ನಿಮಿಷ, ಲೆಕ್ಕ ಸರಿಯಾಗಿದೆ. ಆದರೆ 2020ರ ಅಕ್ಟೋಬರಿನಲ್ಲಿ ಕಾಗಿಣಾ ಉಕ್ಕಿ ಹರಿದಂತಹ ರಾತ್ರಿಯಲ್ಲಿ, ನದಿದಂಡೆಯಿಂದ ಕರೆಯುವವನ ಸರದಿ ಐದನೆಯದಾಗಿದ್ದರೆ? ಆಗ ಸಮಪಾಲೇ ಅನ್ಯಾಯವಾಗುತ್ತದೆ.

2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಅವರ ನೇತೃತ್ವದ ಹ್ಯಾಮ್ ತಂಡವೊಂದು ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿತ್ತು. ಆ ದ್ವೀಪದೊಡನೆ ಮಾತನಾಡುವುದು ಜಗತ್ತಿನ ಹ್ಯಾಮ್‌ಗಳಿಗೆ ಅಪರೂಪದ ಅವಕಾಶವಾಗಿದ್ದು, ಸರದಿಗಾಗಿ ಕಾದವರು ಅನೇಕರು. 26ರಂದು ಸುನಾಮಿ ಅಪ್ಪಳಿಸಿತು. ಹವ್ಯಾಸದ ಮಾತುಕತೆ ನಿಂತು, ಅದೇ ಯಂತ್ರಗಳು ಸಂತ್ರಸ್ತರ ಸಂದೇಶಗಳನ್ನು ಹೊತ್ತವು. ಕಾದವರ ಸರದಿಗಿಂತ ಕಷ್ಟದಲ್ಲಿದ್ದವರ ಕರೆ ದೊಡ್ಡದಾಯಿತು.

ಆದರೆ ಸಾಮಾನ್ಯ ದಿನದಲ್ಲಿ, ಯಾರೋ ಕಷ್ಟದಲ್ಲಿದ್ದಾರೆಂದು ತಿಳಿಯುವುದೆಂತು? ಗುಂಡಿ ಒತ್ತಿ ಮಾತನಾಡುತ್ತಿರುವಷ್ಟು ಹೊತ್ತು ಹ್ಯಾಮ್‌ಗೆ ಬೇರೆಯವರ ಕರೆ ಕೇಳಿಸದು. ಆದಕಾರಣ ಅನುಭವಿಗಳು ಒಬ್ಬರ ಮಾತು ಮುಗಿದೊಡನೆ ತಮ್ಮ ಮಾತನ್ನು ಆರಂಭಿಸುವುದಿಲ್ಲ. ಎರಡು ಮೂರು ಸೆಕೆಂಡು ಸುಮ್ಮನಿರುತ್ತಾರೆ. ಹೆಚ್ಚಿನ ಬಾರಿ ಅಲ್ಲಿ ಯಾರೂ ಕರೆಯುವುದಿಲ್ಲ. ಆದರೂ ಬಿಡುತ್ತಾರೆ.

ಸರದಿಯ ನಿಯಮ ನಮಗೆ ಗೊತ್ತಿರುವವರ ನಡುವೆ ಹಂಚುತ್ತದೆ. ಆ ಕಿರುಮೌನ ನಮಗೆ ಗೊತ್ತೇ ಇಲ್ಲದವನಿಗೂ ಪಾಲನ್ನು ತೆಗೆದಿಡುತ್ತದೆ. ನಮ್ಮ ಮನೆಗಳಲ್ಲಿ, ಸಂಘದ ಸಭೆಗಳಲ್ಲಿ ಮಾತು ಬಲ್ಲವರೇ ಒಬ್ಬರಾದ ಮೇಲೊಬ್ಬರು ಮಾತನಾಡುತ್ತೇವೆ. ಹೊಸದಾಗಿ ಬಂದ ಸೊಸೆ, ಹಿಂದಿನ ಸಾಲಿನ ಬಡವ, ಅಂಜುವ ಮಗು ಬಾಯಿ ತೆರೆಯುವಷ್ಟರಲ್ಲಿ ಸಭೆ ಮುಗಿದಿರುತ್ತದೆ. ಅವರಿಗೆ ಹೇಳುವುದೇನೂ ಇರಲಿಲ್ಲವೆಂದು ನಾವು ತಿಳಿಯುತ್ತೇವೆ. ಮುಂದಿನ ಬಾರಿ ಮಾತಿಗೆ ಮುನ್ನ ಮೂರು ಸೆಕೆಂಡು ಬಿಟ್ಟು ನೋಡಿರಿ.