ಅಂಕ, ಅರ್ಹತೆ ಮತ್ತು ಶಿಫಾರಸು

ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶ ಪ್ರಕಟವಾದ ದಿನದಿಂದ ಕಾರಹುಣ್ಣಿವೆಯವರೆಗೆ ನಮ್ಮ ಭಾಗದ ಮಠಗಳಿಗೆ ಬರುವ ಭಕ್ತರ ಕೈಯಲ್ಲಿ ಹೂವು ಹಣ್ಣುಗಳ ಜೊತೆಗೆ ಇನ್ನೊಂದು ವಸ್ತುವೂ ಇರುವುದನ್ನು ತಾವು ಕಂಡಿರಬಹುದು. ಅದು ಮಗನ ಅಥವಾ ಮಗಳ ಅಂಕಪಟ್ಟಿ. ಬಾದಾಮಿ, ಹುನಗುಂದ, ಇಳಕಲ್ಲಗಳಿಂದ ಬಂದವರು, ಬಾಗಲಕೋಟೆಯ ಕಾಲೇಜಿನಲ್ಲಿ ವಿಜ್ಞಾನ ವಿಭಾಗದ ಸೀಟು ಬಯಸಿ, ಬೇಕಾದಷ್ಟು ಅಂಕ ಬಾರದೆ ಹೋದವರು, ನಮಸ್ಕರಿಸಿ ಕುಳಿತು ಸ್ವಲ್ಪ ಹೊತ್ತು ಮಳೆ ಬೆಳೆಯ ಮಾತನಾಡಿ, ಆಮೇಲೆ ಮೆಲ್ಲಗೆ ಹೇಳುತ್ತಾರೆ: “ಅಪ್ಪಾರ, ನಾಕ ಮಾರ್ಕ್ಸ್ ಕಡಿಮಿ ಬಿದ್ದಾವರೀ. ತಾವು ಒಂದ ಮಾತ ಹೇಳಿದ್ರ ಸೀಟ ಸಿಗತೈತಿ.”

ಆ ಒಂದು ಮಾತನ್ನು ಸ್ವಾಮಿಯಾದವನು ಹೇಳಬಹುದೇ, ಹೇಳಬಾರದೇ? ಈ ಪ್ರಶ್ನೆಯನ್ನು ನಾವು ಇಲ್ಲಿ ಬಿಚ್ಚಿ ವಿಚಾರಿಸಬೇಕೆಂದಿದ್ದೇವೆ. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಡುವುದಕ್ಕಿಂತ ಎಲ್ಲರೆದುರು ಒಂದೇ ಉತ್ತರ ಇಡುವುದು ಲೇಸು.

ಮೊದಲಿಗೆ, ಹೀಗೆ ಕೇಳುವವರನ್ನು ಸ್ವಾರ್ಥಿಗಳೆಂದು ತಳ್ಳಿಹಾಕುವುದು ನ್ಯಾಯವಲ್ಲ. ಬಂದವನು ಇಳಕಲ್ಲಿನ ನೇಕಾರನಿರಬಹುದು, ಕೆಂಪು ಗ್ರಾನೈಟಿನ ಗಣಿಯಲ್ಲಿ ದುಡಿಯುವವನಿರಬಹುದು, ಹುನಗುಂದದ ಎರೆಹೊಲದಲ್ಲಿ ಮಳೆಯನ್ನೇ ನಂಬಿ ಜೋಳ ಕಡಲೆ ಬಿತ್ತುವ ರೈತನಿರಬಹುದು. ಆಲಮಟ್ಟಿಯ ಹಿನ್ನೀರಿನಲ್ಲಿ ಹೊಲಮನೆ ಕಳೆದುಕೊಂಡು ನವನಗರಕ್ಕೆ ಬಂದು ನೆಲೆಸಿದವರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಮಗನಿಗೆ ಬಿಟ್ಟುಹೋಗಲು ಹೊಲವಿಲ್ಲದ ತಂದೆ ವಿದ್ಯೆಯನ್ನಾದರೂ ಬಿಟ್ಟುಹೋಗಬೇಕೆಂದು ಹಂಬಲಿಸುವುದು ದೋಷವಲ್ಲ. ಆ ಹಂಬಲವೆಲ್ಲ ಒಂದೇ ಸೀಟಿನ ಮೇಲೆ, ಒಂದೇ ವಿಭಾಗದ ಮೇಲೆ ಬಂದು ಕೂಡ್ರುವುದರಿಂದಲೇ ಸಂಕಟ ಹುಟ್ಟುತ್ತದೆ. ಫಲಿತಾಂಶದ ಮರುದಿನ ಬಾವಿಯ ಕಡೆಗೆ, ರೈಲು ಹಳಿಯ ಕಡೆಗೆ ನಡೆದ ಮಕ್ಕಳ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗ, ಹದಿನಾರು ವರ್ಷದ ಜೀವಕ್ಕೆ ನಾವೆಲ್ಲ ಸೇರಿ ಎಂಥ ಭಾರ ಹೊರಿಸಿದೆವೆಂದು ಎದೆ ನಡುಗುತ್ತದೆ.

ಇನ್ನು ಅಂಕದ ಮಾತು. ಎಸ್.ಎಸ್.ಎಲ್.ಸಿ.ಯಲ್ಲಿ ಒಟ್ಟು ಅಂಕ 625. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮರಾ ಕಣ್ಗಾವಲು ಬಂದಾಗ ಏನಾಯಿತೆಂಬುದನ್ನು ತಾವು ಬಲ್ಲಿರಿ. 2023ರಲ್ಲಿ ಶೇಕಡಾ 83.89 ಇದ್ದ ರಾಜ್ಯದ ಫಲಿತಾಂಶ, ಕೃಪಾಂಕವನ್ನು ಹೆಚ್ಚಿಸಿದ ಮೇಲೆಯೂ, ಶೇಕಡಾ 73.40ಕ್ಕೆ ಇಳಿಯಿತು. ಒಂದು ವರ್ಷದಲ್ಲಿ ಮಕ್ಕಳ ಬುದ್ಧಿ ಅಷ್ಟು ಕುಂದಿತೇ? ಇಲ್ಲ. ಅಂಕವೆಂಬುದು ಮಗುವನ್ನು ಮಾತ್ರವಲ್ಲ, ಕೊಠಡಿಯ ಕಾವಲನ್ನೂ ಶಾಲೆಯಲ್ಲಿ ಗಣಿತದ ಮಾಸ್ತರರು ಇದ್ದರೋ ಇಲ್ಲವೋ ಎಂಬುದನ್ನೂ ಮನೆಯಲ್ಲಿ ಸಂಜೆ ಓದಲು ದೀಪ ಮತ್ತು ಮೂಲೆ ಇದ್ದವೋ ಇಲ್ಲವೋ ಎಂಬುದನ್ನೂ ಒಟ್ಟಿಗೇ ಅಳೆಯುತ್ತದೆ. ಅಳೆದ ಮೇಲೆ ಎಲ್ಲವನ್ನೂ ಮಗುವಿನ ಒಬ್ಬನ ಹೆಸರಿನ ಮುಂದೆಯೇ ಬರೆಯುತ್ತದೆ.

ಹಾಗೆಂದು “ಅಂಕ ಎಲ್ಲಾ ಸುಳ್ಳು” ಎಂದು ಸಮಾಧಾನ ಹೇಳುವವರ ಪಂಕ್ತಿಯಲ್ಲಿ ನಾವು ಕೂಡ್ರುವುದಿಲ್ಲ. ಅದೇ 2024ರಲ್ಲಿ 625ಕ್ಕೆ 625 ಪಡೆದು ರಾಜ್ಯಕ್ಕೆ ಪ್ರಥಮಳಾದವಳು ನಮ್ಮ ಜಿಲ್ಲೆಯವಳೇ. ಮುಧೋಳ ತಾಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ಓದಿದ ರೈತನ ಮಗಳು. ಹಳ್ಳಿ, ಬಡತನ, ಸರಕಾರಿ ಶಾಲೆ ಎಂಬ ಕಾರಣಗಳು ನಿಜವಾದರೂ ಅವೇ ಪೂರ್ಣ ಕಾರಣಗಳಲ್ಲ. ಪರೀಕ್ಷೆಯೆಂಬುದು ನಮ್ಮ ಪರಂಪರೆಗೆ ಹೊರಗಿನದೂ ಅಲ್ಲ. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ಅನುಭವ ಮಂಟಪದಲ್ಲಿ ಎಷ್ಟು ಕಠಿಣವಾಗಿ ಪ್ರಶ್ನಿಸಿದರೆಂಬುದನ್ನು ಶೂನ್ಯಸಂಪಾದನೆಯನ್ನು ಓದಿದವರು ಬಲ್ಲರು. ಆದರೆ ಆ ಪರೀಕ್ಷೆ ಬಂದವಳಲ್ಲಿ ಇರುವುದನ್ನು ಹೊರತರಲು ನಡೆದದ್ದು. ಇಂತಿಷ್ಟೇ ಜನರನ್ನು ಒಳಗೆ ಬಿಟ್ಟು ಉಳಿದವರಿಗೆ ಬಾಗಿಲು ಹಾಕಲು ನಡೆದದ್ದಲ್ಲ. ನಮ್ಮ ಪರೀಕ್ಷೆ ಎರಡನ್ನೂ ಮಾಡಬೇಕಾಗಿದೆ. ಸೀಟು ಕಡಿಮೆ, ಕೇಳುವವರು ಹೆಚ್ಚು. ಗಣಿತದಲ್ಲಿ ನಲವತ್ತು ಪಡೆದ ಮಗುವಿಗೆ ಗಣಿತ ಇನ್ನೂ ಬಂದಿಲ್ಲವೆಂಬುದು ಸತ್ಯವೇ. ಆ ಸತ್ಯವನ್ನು ಮುಚ್ಚಿಟ್ಟು ಅವನನ್ನು ವಿಜ್ಞಾನಕ್ಕೆ ಸೇರಿಸಿದರೆ, ಕನ್ನಡ ಮಾಧ್ಯಮದಲ್ಲಿ ಹತ್ತು ವರ್ಷ ಓದಿ ಬಂದವನು ಇಂಗ್ಲಿಷಿನಲ್ಲಿ ಭೌತಶಾಸ್ತ್ರ ಕೇಳುತ್ತ ಕುಳಿತು, ದೀಪಾವಳಿಯ ಹೊತ್ತಿಗೆ ಮೌನಿಯಾಗುವುದನ್ನು ನಮ್ಮ ಪ್ರಾಧ್ಯಾಪಕರು ವರ್ಷ ವರ್ಷ ಕಾಣುತ್ತಾರೆ.

ಹಾಗಾದರೆ ಸೀಟು ಯಾರದು? ಇದಕ್ಕೆ ಉತ್ತರ ಹುಡುಕಬೇಕಾದರೆ ಈ ಸಂಸ್ಥೆಗಳು ಹೇಗೆ ಹುಟ್ಟಿದವೆಂಬುದನ್ನು ನೆನೆಯಬೇಕು. ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ 1906ರಲ್ಲಿ ಆರಂಭವಾಯಿತು. ಬಾದಾಮಿಯ ಬಳಿ ಮಲಪ್ರಭೆಯ ದಂಡೆಯ ಶಿವಯೋಗಮಂದಿರವನ್ನು ಹಾನಗಲ್ಲ ಕುಮಾರ ಸ್ವಾಮಿಗಳವರು 1909ರಲ್ಲಿ ಸ್ಥಾಪಿಸಿದರು. ಅಂದು ನಮ್ಮ ಮಠಗಳ ಸ್ವಾಮಿಗಳು ಇಂಥ ಕಾರ್ಯಗಳಿಗಾಗಿ ಜೋಳಿಗೆ ಹಿಡಿದು ಊರೂರು ತಿರುಗಿದಾಗ, ಜೋಳ ಸುರಿದವರಲ್ಲಿ ಹೆಚ್ಚಿನವರಿಗೆ ಸ್ವತಃ ಅಕ್ಷರ ಬರುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತುವ ಕೈಗಳು ತಮ್ಮ ಮಕ್ಕಳು ಓದುವರೋ ಇಲ್ಲವೋ ಎಂಬ ಲೆಕ್ಕವಿಡದೆ ಕೊಟ್ಟವು. ಆದುದರಿಂದ ಸೀಟೆಂಬುದು ಆಡಳಿತ ಮಂಡಳಿಯ ಸ್ವತ್ತಲ್ಲ, ಸ್ವಾಮಿಯ ಸ್ವತ್ತಂತೂ ಮೊದಲೇ ಅಲ್ಲ. ಅದು ದಾಸೋಹದ ಎಡೆ.

ದಾಸೋಹದ ಮನೆಯಲ್ಲಿ ಎರಡು ನಿಯಮಗಳಿವೆ. ಎರಡನ್ನೂ ಯಾರೂ ಬರೆದಿಟ್ಟಿಲ್ಲ, ಎಲ್ಲರೂ ಬಲ್ಲರು. ಪಂಕ್ತಿಯಲ್ಲಿ ಕುಳಿತವನನ್ನು ಎಬ್ಬಿಸಿ ಇನ್ನೊಬ್ಬನನ್ನು ಕೂಡ್ರಿಸುವಂತಿಲ್ಲ, ಬಂದವನು ಎಷ್ಟು ದೊಡ್ಡವನಿದ್ದರೂ. ಬಂದವನನ್ನು ಹಸಿದು ಹೊರಳಿ ಕಳಿಸುವಂತಿಲ್ಲ, ಅವನು ಎಷ್ಟು ತಡವಾಗಿ ಬಂದಿದ್ದರೂ. ಈ ಎರಡರಲ್ಲಿ ಮೊದಲನೆಯದನ್ನು ಮರೆತವರು ಶಿಫಾರಸಿನ ಚೀಟಿ ಬರೆಯುತ್ತಾರೆ. ಎರಡನೆಯದನ್ನು ಮರೆತವರು ಪಟ್ಟಿ ಅಂಟಿಸಿ ಕೈತೊಳೆದುಕೊಳ್ಳುತ್ತಾರೆ. ಇಬ್ಬರೂ ದಾಸೋಹದ ಮನೆಯವರಲ್ಲ.

ಚೀಟಿಯಲ್ಲಿ ಆಗುವ ಅನ್ಯಾಯ ಕಣ್ಣಿಗೆ ಕಾಣುವುದಿಲ್ಲ. ಅದೇ ಅದರ ಕೇಡು. ನಮ್ಮೆದುರು ಕುಳಿತ ತಂದೆಯ ಕಣ್ಣೀರು ಕಾಣುತ್ತದೆ. ಆದರೆ ಆ ಚೀಟಿಯಿಂದ ಪಟ್ಟಿಯ ಕೊನೆಯ ಹೆಸರು ಜಾರಿ ಕೆಳಗೆ ಬಿದ್ದ ಮಗು ಇನ್ನೆಲ್ಲೋ ಇರುತ್ತದೆ. ಅದರ ತಂದೆಗೆ ಯಾವ ಸ್ವಾಮಿಯ ಪರಿಚಯವೂ ಇಲ್ಲ. ಬಹುಶಃ ಅವನು ನಮ್ಮ ಮಠದ ಭಕ್ತನೂ ಅಲ್ಲ. ಅವನು ಎಂದೂ ಬಂದು ನಮ್ಮನ್ನು ಕೇಳುವುದಿಲ್ಲ, ಏಕೆಂದರೆ ತನ್ನಿಂದ ಏನು ಹೋಯಿತೆಂಬುದೇ ಅವನಿಗೆ ತಿಳಿಯದು.

ಆಯ್ದಕ್ಕಿ ಮಾರಯ್ಯನ ಕಥೆ ತಮಗೆಲ್ಲ ಗೊತ್ತು. ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮ ಅದನ್ನು ತಿರುಗಿ ಅಲ್ಲಿಯೇ ಸುರಿದು ಬರಲು ಹೇಳಿದಳು. ಕಥೆಯನ್ನು ಕೇಳುವಾಗ ನಾವು ಅವಳ ವೈರಾಗ್ಯವನ್ನು ಹೊಗಳಿ ಸುಮ್ಮನಾಗುತ್ತೇವೆ. ಆ ಅಕ್ಕಿ ಕದ್ದದ್ದಲ್ಲ, ಬೇಡಿದ್ದೂ ಅಲ್ಲ. ಪ್ರೀತಿಯಿಂದಲೇ ಹೆಚ್ಚಾಗಿ ಚೆಲ್ಲಿದ್ದು. ಆದರೂ ಅದು ತಮ್ಮ ಕಾಯಕದ ಪಾಲಿನದಲ್ಲವೆಂದು ಆ ತಾಯಿ ಕಂಡಳು. ಪ್ರೀತಿಯಿಂದ ಬಂದದ್ದೆಲ್ಲ ನಮ್ಮದಾಗುವುದಿಲ್ಲ ಎಂಬಷ್ಟು ಸೂಕ್ಷ್ಮವನ್ನು ಗಂಡನಿಗೆ ಮನೆಯ ಬಾಗಿಲಲ್ಲೇ ತಿಳಿಸಿದವಳು ಅವಳು. ಸೀಟಿನ ವಿಷಯದಲ್ಲಿ ನಮ್ಮ ಮನೆಗಳ ತಾಯಂದಿರು ಹೀಗೆ ಒಂದು ಮಾತು ಆಡಿದರೆ, ಸ್ವಾಮಿಗಳ ಕೆಲಸ ಬಹಳ ಹಗುರಾದೀತು.

ಇಲ್ಲಿ ಒಂದು ಬಲವಾದ ಆಕ್ಷೇಪವಿದೆ. ಅದನ್ನು ಎತ್ತಿದವರು ಮಠದ ಹಳೆಯ ವಿದ್ಯಾರ್ಥಿಗಳೇ. “ಹಣವುಳ್ಳವನು ವಂತಿಗೆ ಕೊಟ್ಟು ಸೀಟು ಪಡೆಯುತ್ತಾನೆ, ಅಧಿಕಾರವುಳ್ಳವನು ದೂರವಾಣಿಯಲ್ಲೇ ಪಡೆಯುತ್ತಾನೆ. ಏನೂ ಇಲ್ಲದವನು ಮಠಕ್ಕೆ ಬಂದರೆ ಅವನಿಗೆ ಮಾತ್ರ ಧರ್ಮೋಪದೇಶವೇ?” ಈ ಮಾತಿಗೆ ಉತ್ತರವಿಲ್ಲದೆ ಮುಂದೆ ಹೋಗುವಂತಿಲ್ಲ. ವಂತಿಗೆಯ ಬಾಗಿಲು ತೆರೆದಿಟ್ಟ ಸಂಸ್ಥೆಗೆ ಬಡವನ ಮುಂದೆ ನಿಯಮ ಓದುವ ಅಧಿಕಾರವಿಲ್ಲ. ಇದು ನಮ್ಮ ಸ್ಪಷ್ಟ ಅಭಿಪ್ರಾಯ. ಮೊದಲು ಆ ಬಾಗಿಲು ಮುಚ್ಚಬೇಕು. ಆಮೇಲೆ ಅಂಕದ ಸಾಲೇ ಪೂರ್ಣ ನ್ಯಾಯವಲ್ಲವೆಂದು ಕಂಡರೆ, ತಾಯಿ ತಂದೆ ಇಲ್ಲದ ಮಕ್ಕಳಿಗೆ, ಕೂಲಿಕಾರರ ಮಕ್ಕಳಿಗೆ, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತುವವರಿಗೆ ಸರಕಾರದ ಮೀಸಲಾತಿಯನ್ನು ಮೀರಿಯೂ ಕೆಲವು ಸ್ಥಾನಗಳನ್ನು ಸಂಸ್ಥೆ ತಾನೇ ತೆಗೆದಿಡಬಹುದು, ತೆಗೆದಿಡಬೇಕು. ಆದರೆ ಅದನ್ನು ಫಲಿತಾಂಶಕ್ಕೆ ಮೊದಲೇ ಫಲಕದ ಮೇಲೆ ಬರೆದು ಹಾಕಬೇಕು. ಫಲಕದ ಮೇಲಿನ ನಿಯಮ ಸ್ವಾಮಿಯ ಮುಖವನ್ನೇ ಕಾಣದವನಿಗೂ ಸಲ್ಲುತ್ತದೆ. ಚೀಟಿ ಕಂಡವನಿಗೆ ಮಾತ್ರ ಸಲ್ಲುತ್ತದೆ.

ಎರಡನೆಯ ನಿಯಮದ ಕಡೆಗೆ ಬರೋಣ. ನಮ್ಮ ನಿಜವಾದ ಹೊಣೆ ಅಲ್ಲಿಯೇ ಇದೆ. ಬೇಕಾದ ಅಂಕ ಬಾರದ ಮಗುವಿಗೆ ಆ ಸೀಟು ಇಲ್ಲವೆಂದ ಮೇಲೆ ಅದಕ್ಕೆ ಜಾಗವೆಲ್ಲಿ? ಎಸ್.ಎಸ್.ಎಲ್.ಸಿ.ಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಅನುತ್ತೀರ್ಣರಾದವರಂತೆ ಅಂಕ ಹೆಚ್ಚಿಸಿಕೊಳ್ಳಬಯಸುವವರೂ ಬರೆಯಬಹುದು, ಬಂದುದರಲ್ಲಿ ಉತ್ತಮವಾದುದು ಉಳಿಯುತ್ತದೆ. ಇದನ್ನು ಅರಿಯದೆ ಮಗನನ್ನು ಬೆಂಗಳೂರಿಗೋ ಗೋವೆಗೋ ದುಡಿಯಲು ಕಳಿಸಿದವರುಂಟು. ಐ.ಟಿ.ಐ. ಎಂದರೆ ಮುಖ ಕಿವಿಚುವವರಿಗೆ ಒಂದು ಮಾತು: ಎರಡು ವರ್ಷದ ಐ.ಟಿ.ಐ. ಮುಗಿಸಿದವನು ಡಿಪ್ಲೊಮಾದ ಎರಡನೆಯ ವರ್ಷಕ್ಕೆ, ಡಿಪ್ಲೊಮಾ ಮುಗಿಸಿದವನು ಪ್ರವೇಶ ಪರೀಕ್ಷೆ ಬರೆದು ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ಸೇರಲು ದಾರಿಯಿದೆ. ಕಲಾ ವಿಭಾಗವನ್ನು ‘ಉಳಿದವರ ವಿಭಾಗ’ವೆಂದು ಕರೆಯುವುದು ಕನ್ನಡ ನಾಡಿಗೆ, ಅದರಲ್ಲೂ ಐಹೊಳೆ, ಬಾದಾಮಿ, ಪಟ್ಟದಕಲ್ಲುಗಳ ನಡುವೆ ಹುಟ್ಟಿದವರಿಗೆ ಶೋಭಿಸದು. ಪುಲಿಕೇಶಿಯ ಐಹೊಳೆಯ ಶಾಸನವನ್ನು ಓದಬಲ್ಲವರು ಈ ತಾಲೂಕುಗಳಲ್ಲಿ ಎಷ್ಟು ಜನ ಉಳಿದಿದ್ದಾರೆ?

ಹಾನಗಲ್ಲ ಕುಮಾರ ಸ್ವಾಮಿಗಳವರ ಹೆಸರು ಬಂತು. ಕಣ್ಣಿಲ್ಲದ ಬಾಲಕನೊಬ್ಬನಲ್ಲಿ ಕಂಠವಿದೆಯೆಂದು ಕಂಡು ಅವರು ಸಂಗೀತ ಕಲಿಸುವ ವ್ಯವಸ್ಥೆ ಮಾಡಿದರು. ಆ ಬಾಲಕನೇ ಮುಂದೆ ಗಾನಯೋಗಿ ಪಂಚಾಕ್ಷರಿ ಗವಾಯಿಗಳಾಗಿ, ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ತಮ್ಮಂಥ ನೂರಾರು ಮಕ್ಕಳಿಗೆ ಆಶ್ರಯವಾದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು 2010ರವರೆಗೆ ಅದನ್ನು ನಡೆಸಿದರು. ಇದನ್ನು ‘ಅಂಗವೈಕಲ್ಯವನ್ನು ಗೆದ್ದ ಸಾಧಕ’ನ ಕಥೆಯಾಗಿ ಹೇಳುವುದು ರೂಢಿ. ನಮ್ಮ ಗಮನ ಹೋಗುವುದು ಗುರುವಿನ ಕಡೆಗೆ. ಕುಮಾರ ಸ್ವಾಮಿಗಳು ಯಾರದೋ ಎಡೆಯನ್ನು ಕಿತ್ತು ಆ ಬಾಲಕನಿಗೆ ಕೊಡಲಿಲ್ಲ. ಅವನಿಗೆ ಒಪ್ಪುವ ಎಡೆಯನ್ನು ಹುಡುಕಿದರು. ಹುಡುಕುವುದಕ್ಕೆ ಮೊದಲು ಅವನನ್ನು ಕೂಡ್ರಿಸಿಕೊಂಡು ಕೇಳಿದರು.

ಇಳಕಲ್ಲಿನವರಿಗೆ ಹೊಸದಾಗಿ ಹೇಳಬೇಕಾಗಿಲ್ಲ, ಅಲ್ಲಿಯ ಸೀರೆಯಲ್ಲಿ ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಎರಡನ್ನೂ ಎಳೆಯೆಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಅದು ಬೇಸರದ, ಕಣ್ಣು ನೋಯಿಸುವ ಕೆಲಸ. ಹತ್ತನೆಯ ತರಗತಿಯ ಕನ್ನಡ ಶಾಲೆಯೂ ಪಿ.ಯು.ಸಿ.ಯ ಇಂಗ್ಲಿಷ್ ಕಾಲೇಜೂ ಹೀಗೆಯೇ ಬೇರೆ ಬೇರೆ ಹಾಸುಗಳು. ನಡುವೆ ಕೊಂಡಿ ಹಾಕುವವರಿಲ್ಲದೆ ಎಷ್ಟೋ ಮಕ್ಕಳು ಬಿಚ್ಚಿಹೋಗುತ್ತಾರೆ. ನೂಲಿನ ದೋಷವೆಂದು ನಾವು ತೀರ್ಪು ಕೊಡುತ್ತೇವೆ. ಮಠದ ಹಳೆಯ ವಿದ್ಯಾರ್ಥಿಗಳಲ್ಲಿ ಇಂದು ಶಿಕ್ಷಕರು, ಇಂಜಿನಿಯರರು, ನಿವೃತ್ತ ಪ್ರಾಧ್ಯಾಪಕರು ಎಲ್ಲರೂ ಇದ್ದೀರಿ. ನೀವು ಕಾಣಿಕೆಯಾಗಿ ಕಳಿಸುವ ಹಣ ನಮಗೆ ಬೇಡವೆಂದಲ್ಲ. ಆದರೆ ಮೇ, ಜೂನ್ ತಿಂಗಳ ಸಂಜೆಗಳಲ್ಲಿ ವಾರಕ್ಕೆ ಮೂರು ದಿನ ಬಂದು ಗಣಿತ, ಇಂಗ್ಲಿಷ್ ಹೇಳಿಕೊಡುವವರು ಐವರು ದೊರೆತರೆ, ಎರಡನೆಯ ಪರೀಕ್ಷೆಗೆ ಕೂಡ್ರುವ ಮಕ್ಕಳನ್ನು ಮಠದಲ್ಲಿಯೇ ಇರಿಸಿಕೊಂಡು ಓದಿಸಬಹುದು. ಪ್ರಸಾದಕ್ಕೆ ಕೊರತೆಯಿಲ್ಲ, ಜಾಗಕ್ಕೂ ಕೊರತೆಯಿಲ್ಲ.

ಇಳಕಲ್ಲಿನ ಮಹಾಂತ ಸ್ವಾಮಿಗಳವರು 1975ರಿಂದ ‘ಮಹಾಂತ ಜೋಳಿಗೆ’ ಹಿಡಿದು ಮನೆಮನೆಗೆ ಹೋಗಿ ದುಶ್ಚಟಗಳ ಭಿಕ್ಷೆ ಬೇಡಿದರು. ಅವರಂತೆ ಬೇಡುವ ಯೋಗ್ಯತೆ ನಮಗಿದೆಯೆಂದು ಹೇಳುವುದಿಲ್ಲ. ಆದರೂ ಒಂದನ್ನು ಬೇಡುತ್ತೇವೆ. ಫಲಿತಾಂಶದ ದಿನ ಮನೆಯಲ್ಲಿ ಆಡುವ “ಮಾನ ಕಳದಿ” ಎಂಬ ಮಾತು, ನೆರೆಮನೆಯ ಮಗುವಿನ ಅಂಕ ಹೇಳಿ ಚುಚ್ಚುವ ಮಾತು, ಇವೆರಡನ್ನು ಈ ವರ್ಷ ಮಠದ ಜೋಳಿಗೆಗೆ ಹಾಕಿಬಿಡಿ.

ಇನ್ನು ಅಂಕಪಟ್ಟಿ ಹಿಡಿದು ಬರುವವರಿಗೆ. ಚೀಟಿ ದೊರೆಯುವುದಿಲ್ಲ, ಅದಕ್ಕಾಗಿ ಬಸ್ಸಿನ ಖರ್ಚು ಮಾಡಬೇಡಿರಿ. ಬೇರೆ ಎಲ್ಲ ವಿಚಾರಕ್ಕೂ ಬಾಗಿಲು ತೆರೆದಿದೆ. ಒಂದು ಮಾತ್ರ ನೆನಪಿರಲಿ: ಹೆಚ್ಚಿನವರು ಅಂಕಪಟ್ಟಿಯನ್ನು ತರುತ್ತಾರೆ, ಮಗುವನ್ನು ಮನೆಯಲ್ಲಿ ಬಿಟ್ಟು ಬರುತ್ತಾರೆ. ಮಗುವನ್ನೂ ಕರೆದುಕೊಂಡು ಬನ್ನಿರಿ. ನಾವು ಮಾತನಾಡಬೇಕಾದದ್ದು ಅದರ ಜೊತೆಗೆ. ಮಧ್ಯಾಹ್ನದ ಪ್ರಸಾದದ ವೇಳೆಗೆ ಬಂದರೆ ಊಟ ಮಾಡಿಕೊಂಡೇ ಮಾತನಾಡಲು ಅನುಕೂಲವಾಗುತ್ತದೆ.